ಒಂದೇ ದಿನ ಎರಡೂ ಊರ್ಬೇಡ ಅಳಿಯ

ಹಲೋ... ಕೇಳುಸ್ತಾ ಅಳಿಯ? ನಿಮ್ಮತ್ತೆ ಕಣಪ್ಪಾ, ಹುಣಸೂರಿಂದ. ಟೈಪ್ ಮಾಡೋಷ್ಟು ತಾಳ್ಮೆ ನಂಗಿಲ್ಲ, ಬಾಯಲ್ಲೇ ಹೇಳ್ಬುಡ್ತೀನಿ. ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ದೆಯಲ್ಲ, ಅರ್ಧ ಎಕರೆ ಕೆಂಪು ಹೊಲದಲ್ಲಿ ಆಲೂಗೆಡ್ಡೆ, ಮಧ್ಯೆ ಮುಸುಕಿನ ಜೋಳ, ಎರಡೂ ಒಂದೇ ದಿನ ಹಾಕ್ಬುಡ್ಲಾ ಅಂತ. ನಿಮ್ಮ ಚಿಕ್ಕಪ್ಪ ‘ಧಾರಾಳವಾಗಿ ಹಾಕು’ ಅಂದ. ಅವನು ಹೊಲಕ್ಕೆ ಕಾಲಿಟ್ಟು ಎಷ್ಟು ವರ್ಷ ಆಯ್ತು ಕೇಳು ಮೊದ್ಲು.

ಎರಡೂ ಜೊತೇಲಿ ಬರ್ತವೆ, ಬರಲ್ಲ ಅಂತಲ್ಲ. ಅಕ್ಕಡಿ ಸಾಲು ನಮಗೇನು ಹೊಸದಾ? ರಾಗಿ ಒಳಗೆ ಅವರೆ, ತೊಗರಿ, ಹುಚ್ಚೆಳ್ಳು ಹಾಕ್ಕೊಂಡೇ ಬಂದೋರು. ಬಿಹಾರದ ಕಡೆ ಚಳಿಗಾಲದಲ್ಲಿ ಈ ಆಲೂಗೆಡ್ಡೆ, ಜೋಳದ ಜೋಡಿನೇ ಬೆಳೀತಾರೆ. ಆದ್ರೆ ಒಂದೇ ದಿನ ಬೇಡ. ಒಂದೂವರೆ ತಿಂಗಳಿಗೆ ಜೋಳ ಎದೆಯುದ್ದ ಬಂದ್ಬುಡುತ್ತೆ. ಆಲೂಗೆಡ್ಡೆ ದಪ್ಪ ಆಗೋ ಹೊತ್ತೂ ಅದೇ. ಮೇಲೆ ನೆರಳು ಮುಚ್ಕೊಂಡ್ರೆ ಕೆಳಗೆ ಗೋಲಿ ಗಾತ್ರದ ಗೆಡ್ಡೆ ಆಯ್ಕೋತೀಯ.

ಮೇ ಕೊನೇಲಿ ಮಳೆ ನೋಡ್ಕೊಂಡು ಆಲೂಗೆಡ್ಡೆ ಊರು. ಎರಡು ಸಾಲು ಗೆಡ್ಡೆ, ಮೂರನೇ ಸಾಲು ಖಾಲಿ. 25-30 ದಿನಕ್ಕೆ ಮಣ್ಣೇರಿಸ್ತೀಯಲ್ಲ, ಅದು ಮುಗಿದ ಮೇಲೆ ಖಾಲಿ ಸಾಲಲ್ಲಿ ಅಡಿಗೊಂದು ಜೋಳದ ಕಾಳು. ಒಂದೂವರೆ ಕೆಜಿ ಬೀಜ ಸಾಕು. ಮೂರು ತಿಂಗಳಿಗೆ ಗೆಡ್ಡೆ ಕೀಳುವಾಗ ನೇಗಿಲು ಹಾಕ್ಬೇಡ, ಜೋಳದ ಬೇರು ಹರಿದೋಗುತ್ತೆ. ಗುದ್ದಲೀಲಿ ಕಿತ್ತು, ಆ ಮಣ್ಣನ್ನೇ ಜೋಳದ ಬುಡಕ್ಕೆ ಎಳಿ. ಯೂರಿಯಾ ಇಡೀ ಹೊಲಕ್ಕೆ ಎರಚ್ಬೇಡ, ಜೋಳದ ಬುಡಕ್ಕೆ ಮಾತ್ರ. ಗೆಡ್ಡೆಗೆ ಜಾಸ್ತಿ ಆದ್ರೆ ಬರೀ ಸೊಪ್ಪೇ.

ಇವೆಲ್ಲ ನಿಮ್ಮಪ್ಪನಿಗೂ ಗೊತ್ತು. ನಾನು ಇಷ್ಟು ಹೊತ್ತು ಬಾಯಿ ನೋಯಿಸ್ಕೋತಿರೋದು ಕಳೆ ಔಷಧಿ ವಿಷಯಕ್ಕೆ. ಆಚೆ ವರ್ಷ ನಿಮ್ಮ ಮಾವ ಅಂಗಡೀಲಿ ‘ಜೋಳಕ್ಕೆ ಹೊಡಿಯೋದು ಕೊಡಪ್ಪಾ’ ಅಂದ್ರಂತೆ, ಅವನು ಅಟ್ರಾಜಿನ್ ಕೊಟ್ಟ. ಮಧ್ಯೆ ಏನಿದೆ ಅಂತ ಅವನು ಕೇಳ್ಲಿಲ್ಲ, ಇವರೂ ಬಾಯಿ ಬಿಡ್ಲಿಲ್ಲ. ವಾರ ಕಳೀತು, ಆಲೂಗೆಡ್ಡೆ ಎಲೆ ಅಂಚಿಂದ ಹಳದಿ ತಿರುಗ್ತು, ನರ ಮಾತ್ರ ಹಸಿರು. ಆಮೇಲೆ ಅಂಚೆಲ್ಲ ಸುಟ್ಟ ಹಪ್ಪಳ ಥರ ಪುಡಿಪುಡಿ. ಅಂಗಮಾರಿ ರೋಗ ಅಂದ್ಕೊಂಡು ಎಲೆ ಮಗುಚಿ ಮಗುಚಿ ನೋಡಿದೆ, ಅಡೀಲಿ ಆ ರೋಗದ ಬಿಳಿ ಬೂಷ್ಟೇ ಇಲ್ಲ. ಔಷಧೀದೇ ಕೆಲಸ. ಜೋಳ ಮಾತ್ರ ಏನೂ ಆಗಿಲ್ಲ ಅನ್ನೋ ಹಂಗೆ ತೂಗಾಡ್ಕೊಂಡಿತ್ತು. ಆಲೂಗೆಡ್ಡೆಗೆ ಅಂತ ಮೆಟ್ರಿಬುಜಿನ್ ಅನ್ನೋ ಕಳೆ ಔಷಧಿ ಹೊಡೆದಿದ್ರೆ ಆಗ ಜೋಳದ ಗತಿ ಅದೇ. 20 ಗುಂಟೆ ಅಳಿಯ, ಇಬ್ರು ಹೆಣ್ಣಾಳು ಕರ್ಕೊಂಡು ಕುರ್ಚಿಗೇಲಿ ಎರಡು ಸಲ ಕಳೆ ತೆಗ್ಸು. ಕೂಲಿ ಹೋದ್ರೂ ಬೆಳೆ ಉಳಿಯುತ್ತೆ.

ಅಂಗಮಾರಿ ಅಂದ್ನಲ್ಲ, ಜುಲೈ ಸೋನೆ ಮಳೇಲಿ ಅದು ಬಂದೇ ಬರುತ್ತೆ. ಜೋಳ ಒತ್ತಾದ್ರೆ ಎಲೆ ಬೇಗ ಒಣಗಲ್ಲ, ಅದಕ್ಕೇ ಗಾಳಿ ಬೀಸೋ ಕಡೆಗೆ ಸಾಲು ಹೊಡಿ. ಜೋಳದ ಸುಳಿ ಬಿಡ್ಸಿ ನೋಡ್ತಿರು, ಮರದ ಹೊಟ್ಟಿನ ಥರ ಹಿಕ್ಕೆ ಕಂಡ್ರೆ ಸೈನಿಕ ಹುಳ. 2018ರಲ್ಲಿ ಶಿವಮೊಗ್ಗ ಕಡೆ ಕಾಣಿಸ್ಕೊಂಡಿದ್ದು, ಹೋಗೋ ಮಾತೇ ಇಲ್ಲ.

ಇರು, ನಿಮ್ಮ ಮಾವ ಫೋನ್ ಕೇಳ್ತಾವ್ರೆ... ಬೇಡ್ವಂತೆ. ಔಷಧಿ ವಿಷಯ ಗ್ರೂಪಲ್ಲಿ ಹೇಳ್ಬುಟ್ಟೆ ಅಂತ ಮುಖ ಊದಿಸ್ಕೊಂಡವ್ರೆ. ಸಾಲು ಹೊಡೆದ ದಿನ ಒಂದು ಫೋಟೋ ಹಾಕು, ಎಷ್ಟಗಲ ಬಿಟ್ಟಿದೀಯ ನೋಡ್ತೀನಿ.