ಹೂ ಮುಗಿದ ಮೇಲೆ ಲಿಲ್ಲಿ ಎಲೆ ಹಳದಿ ಆಗುತ್ತಿದೆ, ಗಡ್ಡೆ ಕೀಳಬೇಕಾ?

ಮಾಳಿಗೆ ತೋಟ, ರಾಯಚೂರು
ಕೆಂಪು ಅಮರಿಲ್ಲಿಸ್ ಲಿಲ್ಲಿಯ ಐದಾರು ಕುಂಡ ಇವೆ. ಮಾರ್ಚ್ ಕೊನೆಗೆ ಚೆನ್ನಾಗಿ ಹೂ ಬಿಟ್ಟವು. ಈಗ ಎಲೆ ಹಳದಿ ಆಗುತ್ತಿವೆ, ತುದಿ ಸುಟ್ಟ ಹಾಗಿದೆ. ಯೂಟ್ಯೂಬ್‌ನಲ್ಲಿ ನೋಡಿದರೆ ನೀರು ನಿಲ್ಲಿಸಿ, ಗಡ್ಡೆ ಕಿತ್ತು ಒಣಗಿಸಿ ಎತ್ತಿಡಿ ಅಂತಾರೆ. ನಮ್ಮತ್ತೆ ಎಲೆ ಕೊಯ್ದು ಬಿಸಾಕು, ಹೊಸವು ಬರ್ತಾವೆ ಅಂತಾರೆ. ಯಾವುದು ಮಾಡಲಿ? ಪಕ್ಕದಲ್ಲಿ ಗ್ಲಾಡಿಯೋಲಸ್ ಕುಂಡವೂ ಇದೆ, ಅದೂ ಒಣಗುತ್ತಿದೆ.

ಗಡ್ಡೆಪ್ರೇಮಿ, ಕೊಪ್ಪಳ
ಎರಡೂ ಬೇಡ ಅಕ್ಕಾ. ಆ ವಿಡಿಯೋ ಟ್ಯೂಲಿಪ್, ಡ್ಯಾಫೋಡಿಲ್ ಬೆಳೆಯುವವರಿಗೆ. ಅವು ಚಳಿ ಊರಿನ ಗಡ್ಡೆಗಳು, ಬೇಸಿಗೆಯಲ್ಲಿ ನಿದ್ದೆ ಹೋಗುತ್ತವೆ. ನಿಮ್ಮ ಲಿಲ್ಲಿಯ ಮೂಲ ದಕ್ಷಿಣ ಅಮೆರಿಕ. ಅದು ಬೇಸಿಗೆ, ಮಳೆಗಾಲ ಪೂರ್ತಿ ಬೆಳೆದು ಚಳಿಗಾಲದಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಹೂ ಬಿಟ್ಟಾಗ ಗಡ್ಡೆ ಸೊರಗಿರುತ್ತದೆ, ಅದನ್ನು ಮತ್ತೆ ತುಂಬಿಸುವುದು ಈ ಎಲೆಗಳೇ, ಮುಂದಿನ ಮೊಗ್ಗು ಕೂಡ ಒಳಗೆ ಈಗಲೇ ತಯಾರಾಗುತ್ತಿರುತ್ತದೆ. ಈಗ ಎಲೆ ಕೊಯ್ದರೆ ಮುಂದಿನ ವರ್ಷ ಬರೀ ಎಲೆ ನೋಡಬೇಕಾಗುತ್ತದೆ.

ಬಾಡಿದ ಹೂ, ಬೀಜದ ಕಾಯಿ ಇದ್ದರೆ ತೆಗೆಯಿರಿ. ದಂಟು ಹಸಿರಿದ್ದರೆ ಇರಲಿ, ಒಣಗಿದ ಮೇಲೆ ಕೊಯ್ಯಿರಿ.

ಆದರೆ ಈ ತಿಂಗಳಲ್ಲಿ ಹಳದಿ ಯಾಕೆ? ಇದನ್ನು ಹೇಳಿ: ಗಡ್ಡೆ ಒತ್ತಿದರೆ ಗಟ್ಟಿ ಇದೆಯಾ, ಮೆತ್ತಗಿದೆಯಾ? ವಾಸನೆ ಬರುತ್ತಾ? ಮಣ್ಣು ಯಾವುದು? ನೀರು ಎಲ್ಲಿಯದು?

ಮಾಳಿಗೆ ತೋಟ, ರಾಯಚೂರು
ಗಟ್ಟಿ ಇದೆ, ವಾಸನೆ ಇಲ್ಲ. ಹಳದಿ ಆಗಿರೋದು ಹೊರಗಿನ ಹಳೇ ಎಲೆಗಳು ಮಾತ್ರ. ಮಣ್ಣು ಹೊಲದ ಎರೆ ಮಣ್ಣು. ಬೋರ್ ನೀರು, ದಿನಾ ಎರಡು ಹೊತ್ತು ಹಾಕ್ತೀನಿ, ಬಿಸಿಲು ನೋಡಿದ್ದೀರಲ್ಲ. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದೆ.

ಗಡ್ಡೆಪ್ರೇಮಿ, ಕೊಪ್ಪಳ
ಹಾಗಾದರೆ ಗಡ್ಡೆಗೆ ಏನೂ ಆಗಿಲ್ಲ, ಸಮಸ್ಯೆ ಇರೋದು ಬೇರಿನ ಹತ್ತಿರ. ಎರೆ ಮಣ್ಣು ಮೇಲೆ ಬಿರುಕು ಬಿಟ್ಟಿದ್ದರೂ ಕೆಳಗೆ ತೇವ ಹಿಡಿದಿರುತ್ತದೆ, ಮೇಲೆ ನೋಡಿ ನೀರು ಹಾಕಿದರೆ ಬೇರಿಗೆ ಉಸಿರು ಸಿಗೋದಿಲ್ಲ. ಬೆರಳು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ, ಬೆಳಿಗ್ಗೆ ಒಂದೇ ಸಲ. ಬಿಳಿ ಪುಡಿ ನೀರಿನ ಉಪ್ಪು, ಎಲೆ ತುದಿ ಸುಡೋದಕ್ಕೆ ಅದೂ ಒಂದು ಕಾರಣ. ಅದನ್ನು ಕೆರೆದು ತೆಗೆದು, ಉಪ್ಪು ಕಡಿಮೆ ಇರೋ ನೀರನ್ನು ಒಂದು ಸಲ ಧಾರಾಳವಾಗಿ ಹಾಕಿ ತಳದಿಂದ ಹರಿದುಹೋಗಲು ಬಿಡಿ. ಮಧ್ಯಾಹ್ನದ ಬಿಸಿಲಿಗೆ ಹಸಿರು ನೆಟ್ ಕಟ್ಟಿ. ಕಾದ ಸಿಮೆಂಟ್ ಮೇಲೆ ಕುಂಡ ನೇರ ಇಡಬೇಡಿ, ಇಟ್ಟಿಗೆ ಕೊಡಿ.

ಮಣ್ಣು ಬದಲಿಸೋದು ಮಳೆ ಶುರುವಾದ ಮೇಲೆ. ಮಸಾರಿ ಮಣ್ಣು, ದಪ್ಪ ಮರಳು, ಹಳೇ ತಿಪ್ಪೆ ಗೊಬ್ಬರ ಬೆರೆಸಿ. ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲಿರಲಿ, ಪೂರ್ತಿ ಹೂಳಿದರೆ ಕೊಳೆಯೋ ಭಯ.

ಬಳ್ಳಾರಿ ಬಿಸಿಲು
ಗೊಬ್ಬರದ ಮಾತು ಬಿಟ್ಟಿರಿ ಸರ್. ಯೂರಿಯಾ ಹಾಕಬೇಡಿ, ಎಲೆ ಸೊಂಪಾಗಿ ಬರುತ್ತದೆ, ಹೂ ಬರೋದಿಲ್ಲ. ಪೊಟ್ಯಾಷ್ ಇರೋ ಗೊಬ್ಬರ ತಿಂಗಳಿಗೊಮ್ಮೆ ತೆಳ್ಳಗೆ ಕೊಟ್ಟರೆ ಸಾಕು. ಪೊಟ್ಯಾಷ್‌ಗೆ ಅಂತ ಒಲೆ ಬೂದಿ ಸುರಿಯೋದು ನಮ್ಮ ಕಡೆ ಬೇಡ, ಮಣ್ಣು ಮೊದಲೇ ಸವಳು. ಇನ್ನು ಎಲೆ ಬುಡದಲ್ಲಿ ಬಿಳಿ ಹತ್ತಿಯಂಥದು ಕಂಡರೆ ಹಿಟ್ಟು ತಿಗಣೆ, ಒರೆಸಿ ತೆಗೆದು ಬೇವಿನ ಎಣ್ಣೆ ಹೊಡೆಯಿರಿ.

ಗ್ಲಾಡಿಯೋಲಸ್ ಬೇರೆ ಲೆಕ್ಕ. ಅದಕ್ಕೆ ನಿಮ್ಮ ಯೂಟ್ಯೂಬ್ ಹೇಳಿದ್ದೇ ಸರಿ! ಹೂ ಮುಗಿದು 6–8 ವಾರ ಆಗಿ ಎಲೆ ಒಣಗಿದ ಮೇಲೆ ಕಿತ್ತು, ನೆರಳಲ್ಲಿ ಒಣಗಿಸಿ, ಈರುಳ್ಳಿ ತುಂಬೋ ಜಾಳಿಗೆ ಚೀಲದಲ್ಲಿ ಗಾಳಿಯಾಡೋ ಕಡೆ ತೂಗುಹಾಕಿ. ಬಿಸಿಲಿಗೆ ಹರಡಿದರೆ ಬೆಂದೇ ಹೋಗುತ್ತವೆ.

ಮಾಳಿಗೆ ತೋಟ, ರಾಯಚೂರು
ಅಂದ್ರೆ ಲಿಲ್ಲಿಗೆ ನೀರು ಕಡಿಮೆ ಮಾಡೋದು ಯಾವಾಗ? ಮರಿ ಗಡ್ಡೆ ತುಂಬಾ ಬಂದಿವೆ, ಅವನ್ನು ಬಿಡಿಸಬೇಕಾ?

ಗಡ್ಡೆಪ್ರೇಮಿ, ಕೊಪ್ಪಳ
ದೀಪಾವಳಿ ಹೊತ್ತಿಗೆ ಗೊಬ್ಬರ ನಿಲ್ಲಿಸಿ, ನೀರು ನಿಧಾನಕ್ಕೆ ಇಳಿಸಿ, ಎರಡು ತಿಂಗಳು ಹೆಚ್ಚುಕಡಿಮೆ ಒಣಗಲು ಬಿಡಿ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಶುರು. ಮರಿಗಳನ್ನು ಕುಂಡ ಬದಲಿಸುವಾಗ ಬೇರು ಸಮೇತ ಬಿಡಿಸಿ, ಅವು ಹೂ ಬಿಡೋಕೆ ಎರಡು ಮೂರು ವರ್ಷ ಬೇಕು. ಎರಡು ಮರಿ ನನಗೆ ಇಟ್ಟಿರಿ, ಕೆಂಪು ನನ್ನ ಹತ್ತಿರ ಇಲ್ಲ.