ಪದಚರ್ಚೆ: ‘ಪ್ರೈವಸಿ’ಗೆ ‘ಮರೆ’ ಅಂದರೆ ಆದೀತೇ?

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಆನ್‌ಲೈನಿನಲ್ಲಿ ನಮ್ಮ ವಿಷಯ ನಾವೇ ಕಾಪಾಡಿಕೊಳ್ಳಲು ಯಾವ ಸಾಧನ ಬಳಸಬೇಕು, ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ತಿಳಿಸುವ ಪುಸ್ತಿಕೆ. ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್, ಸಂದೇಶ ಕಳಿಸುವ ಸಿಗ್ನಲ್ ಆ್ಯಪ್, ಗುರುತು ಕೊಡದೆ ಜಾಲ ನೋಡಲು ಟಾರ್, ನಮ್ಮ ಸಂಪರ್ಕವನ್ನು ಇನ್ನೊಂದು ಕಂಪನಿಯ ಮೂಲಕ ಹಾಯಿಸುವ ವಿಪಿಎನ್ ಇಂಥವು. ವಿಷಯ ಅಷ್ಟು ಕಷ್ಟ ಆಗಲಿಲ್ಲ, ಪದಗಳೇ ಕೈಕೊಟ್ಟವು. ಪತ್ರ ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಶುರುವಾಗಿದ್ದು ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಿಂದ. 2008ರಲ್ಲಿ ಕ್ರೋಮ್ ಜೊತೆ ಬಂದ ಹೆಸರು ಅದು, ಬೇರೆ ಬ್ರೌಸರುಗಳು ಪ್ರೈವೇಟ್ ವಿಂಡೋ ಅನ್ನುತ್ತವೆ. ಕರಡಿನಲ್ಲಿ ನಾನು ‘ಗೌಪ್ಯ ಕಿಟಕಿ’ ಅಂತ ಬರೆದು ಅಕ್ಕನಿಗೆ ಓದಲು ಕೊಟ್ಟೆ. ಓದಿದವಳೇ, “ಹಾಗಾದ್ರೆ ಇದ್ರಲ್ಲಿ ನೋಡಿದ್ದು ಯಾರಿಗೂ ಗೊತ್ತಾಗಲ್ಲ, ಅಲ್ವಾ?” ಅಂದಳು.

ಗೊತ್ತಾಗುತ್ತದೆ! ಕಿಟಕಿ ಮುಚ್ಚಿದ ಮೇಲೆ ಆ ಬ್ರೌಸರು ನೀವು ನೋಡಿದ ಪುಟಗಳ ಪಟ್ಟಿಯನ್ನೂ ಕುಕಿಗಳನ್ನೂ (ತಾಣಗಳು ಬ್ರೌಸರಿನಲ್ಲಿ ಇಟ್ಟುಹೋಗುವ ಗುರುತಿನ ಚೀಟಿಗಳು) ಅಳಿಸಿಹಾಕುತ್ತದೆ, ಅಷ್ಟೇ. ನೀವು ಹೋದ ತಾಣಕ್ಕೆ ನಿಮ್ಮ ಐಪಿ ವಿಳಾಸ, ಅಂದರೆ ಜಾಲದಲ್ಲಿ ನಿಮ್ಮ ಸಂಪರ್ಕದ ಸಂಖ್ಯೆ, ಕಾಣುತ್ತದೆ. ಯಾವ ತಾಣಕ್ಕೆ ಹೋದಿರಿ ಅನ್ನುವುದು ಇಂಟರ್‌ನೆಟ್ ಕೊಡುವ ಕಂಪನಿಗೆ ಕಾಣುತ್ತದೆ. ಕಚೇರಿಯ ಜಾಲದಲ್ಲಿದ್ದರೆ ಅದರ ಉಸ್ತುವಾರಿ ನೋಡುವವರಿಗೂ ಕಾಣುತ್ತದೆ. ಇಳಿಸಿಕೊಂಡ ಫೈಲು ಸುಮ್ನೆ ಅಲ್ಲೇ ಕೂತಿರುತ್ತದೆ. ಅಕ್ಕ ತಪ್ಪು ಓದಿರಲಿಲ್ಲ. ‘ಗೌಪ್ಯ’ ಅನ್ನುವ ಪದ ಆ ಕಿಟಕಿ ಕೊಡದೇ ಇರುವುದನ್ನು ಕೊಡುತ್ತೇನೆ ಅಂತ ಹೇಳಿಬಿಟ್ಟಿತ್ತು.

ಅಂದಿನಿಂದ ಪ್ರತಿ ಪದಕ್ಕೂ ಇದೊಂದೇ ಪ್ರಶ್ನೆ ಕೇಳುತ್ತಿದ್ದೇನೆ: ಸಾಧನ ಮಾಡುವುದಕ್ಕಿಂತ ಜಾಸ್ತಿ ಮಾಡುತ್ತೇನೆ ಅಂತ ಪದ ಹೇಳುತ್ತಿದೆಯೇ? ಪದ ಸಂಸ್ಕೃತದ್ದೋ ಇಂಗ್ಲಿಷಿನದ್ದೋ ಅಚ್ಚಗನ್ನಡದ್ದೋ ಅನ್ನುವುದು ನನಗೆ ಆಮೇಲಿನ ಮಾತು. ಆ ಜಗಳ ಇಲ್ಲಿ ಬೇಡ, ದಯವಿಟ್ಟು.

‘ಗೌಪ್ಯತೆ’ ಎಲ್ಲೆಲ್ಲೂ ಓಡಾಡುತ್ತಿದೆ. ವ್ಯಾಕರಣದ ತಕರಾರು ನಿಮಗೆ ಗೊತ್ತಿರುವುದೇ. ‘ಗೋಪ್ಯ’ಕ್ಕೆ ‘ತೆ’ ಸೇರಿಸಿ ‘ಗೋಪ್ಯತೆ’ ಅನ್ನಬಹುದು, ಇಲ್ಲವೇ ‘ಗೌಪ್ಯ’ ಅಂತ ನಿಲ್ಲಿಸಬಹುದು, ಎರಡನ್ನೂ ಹಾಕಿದರೆ ‘ಸೌಂದರ್ಯತೆ’ಯ ಹಾಗೆ ಒಂದು ಬಾಲ ಹೆಚ್ಚಾಗುತ್ತದೆ. ಬಳಕೆ ಗಟ್ಟಿಯಾಗಿದೆ, ಬಿಡಿ. ನನ್ನ ತಕರಾರು ಅರ್ಥದ್ದು. ಗೌಪ್ಯ, ಗುಪ್ತ, ಗುಟ್ಟು ಎಲ್ಲದರಲ್ಲೂ ಬೇರೆಯವರಿಗೆ ತಿಳಿಯಬಾರದ ಸಂಗತಿ ಒಂದಿದೆ ಅನ್ನುವ ಧ್ವನಿ ಇದೆ. ಅದಕ್ಕೇ “ಮುಚ್ಚಿಡೋಕೆ ನಿನ್ನ ಹತ್ರ ಏನಿದೆ?” ಅನ್ನುವ ಮರುಪ್ರಶ್ನೆ ಹುಟ್ಟುವುದು. ತಮಾಷೆ ಅಂದರೆ ಸಂಸ್ಕೃತದ ‘ಗುಪ್’ ಧಾತುವಿಗೆ ಮೂಲದಲ್ಲಿ ಕಾಯುವುದು ಅಂತಲೇ ಅರ್ಥ. ಹಸು ಕಾಯುವ ‘ಗೋಪ’ನಿಂದ ಆ ಕ್ರಿಯಾಪದ ಹುಟ್ಟಿತು ಅಂತ ನಿರುಕ್ತಿ ಹೇಳುವವರು ವಿವರಿಸುತ್ತಾರೆ. ಕಾಯುವುದು ಹೋಗಿ ಮುಚ್ಚಿಡುವುದಷ್ಟೇ ನಮ್ಮ ಪಾಲಿಗೆ ಉಳಿಯಿತು.

‘ಖಾಸಗಿತನ’ ಇದಕ್ಕಿಂತ ವಾಸಿ. ಪಾರಸಿಯಿಂದ ಬಂದು ನಮ್ಮದೇ ಆಗಿಹೋಗಿದೆ. ಆದರೆ ಖಾಸಗಿ ಶಾಲೆ, ಖಾಸಗಿ ಬಸ್ಸು, ಖಾಸಗೀಕರಣ ಎಲ್ಲ ಅದರ ಬೆನ್ನ ಮೇಲೇ ಕೂತಿವೆ. “ನಿಮ್ಮ ಖಾಸಗಿ ಮಾಹಿತಿ ಖಾಸಗಿ ಕಂಪನಿಯ ಕೈಯಲ್ಲಿದೆ” ಅಂತ ನಾನೇ ಒಂದು ವಾಕ್ಯ ಬರೆದು ನಾನೇ ನಕ್ಕಿದ್ದೇನೆ.

ಈಗ ನಿಜವಾದ ಪ್ರಶ್ನೆ. ‘ಮರೆ’ ಹೇಗೆ?

ಬಟ್ಟೆ ಬದಲಿಸುವವರು ಮರೆಗೆ ಹೋಗುತ್ತಾರೆ. ಅಲ್ಲಿ ಗುಟ್ಟೇನೂ ಇಲ್ಲ, ಏನು ನಡೆಯುತ್ತಿದೆ ಅಂತ ಎಲ್ಲರಿಗೂ ಗೊತ್ತು, ಆದರೂ ಮರೆ ಬೇಕು. ಪ್ರೈವಸಿ ಅಂದರೆ ಹೆಚ್ಚುಕಡಿಮೆ ಇದೇ ಅಲ್ವಾ? ಜೊತೆಗೆ ಮರೆ ಯಾವಾಗಲೂ ಯಾರೋ ಒಬ್ಬರಿಂದ ಇರುತ್ತದೆ. ಗೋಡೆಯ ಆಚೆಯವರಿಗೆ ಮರೆ, ಮಾಳಿಗೆಯಲ್ಲಿ ನಿಂತವರಿಗೆ ಅಲ್ಲ. ಈ ಸಾಧನಗಳೂ ಹಾಗೆಯೇ. ವಿಪಿಎನ್ ಹಾಕಿಕೊಂಡರೆ ಇಂಟರ್‌ನೆಟ್ ಕೊಡುವ ಕಂಪನಿಗೆ ಮರೆ, ಆದರೆ ವಿಪಿಎನ್ ನಡೆಸುವ ಕಂಪನಿಗೆ ನೀವು ಯಾವ ತಾಣಕ್ಕೆ ಹೋಗುತ್ತೀರಿ ಅನ್ನುವುದು ಕಾಣುತ್ತದೆ. ನಂಬಿಕೆಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಟ್ಟಿರಿ, ಅಷ್ಟೇ. ‘ಗೌಪ್ಯತೆ ಇದೆ’ ಅಂದರೆ ಮಾತು ಮುಗಿಯಿತು. ‘ಮರೆ ಇದೆ’ ಅಂದರೆ “ಯಾರಿಂದ?” ಅಂತ ಕೇಳಬೇಕು ಅನಿಸುತ್ತದೆ. ಓದುಗರು ಕೇಳಬೇಕಾದ ಪ್ರಶ್ನೆಯೂ ಅದೇ.

ಹಳಗನ್ನಡದ ‘ಮಱೆವೊಗು’ ನೆನಪಿದೆಯೇ, ರಕ್ಷಣೆ ಬೇಡಿ ಬರುವುದು? ಮರೆಗೆ ಆ ಅರ್ಥವೂ ಇದೆ. ಗುಟ್ಟಿಗೆ ಅದಿಲ್ಲ.

ಇನ್ನೂ ಒಂದು ಲಾಭ. ಕನ್ನಡದಲ್ಲಿ ಕಾಣದಂತಾಗುವುದೂ ‘ಮರೆ’, ನೆನಪು ಹೋಗುವುದೂ ‘ಮರೆ’. ಹಿಂದೆ ಎರಡಕ್ಕೂ ಶಕಟರೇಫವೇ (ಹಳಗನ್ನಡದ ‘ಱ’ ಅಕ್ಷರ) ಇತ್ತು. ತಮಿಳಿನಲ್ಲಿ ಮಱೈ, ಮಱ ಅಂತ ಎರಡು ರೂಪಗಳು ಬೇರೆಬೇರೆಯಾಗಿ ಉಳಿದಿವೆ, ನಮ್ಮಲ್ಲಿ ಒಂದಾಗಿವೆ. ಆ ಇನ್‌ಕಾಗ್ನಿಟೋ ಕಿಟಕಿ ಮಾಡುವುದು ಎರಡನೆಯ ಕೆಲಸ. ಅದು ನಿಮ್ಮನ್ನು ಯಾರಿಂದಲೂ ಮರೆಮಾಡುವುದಿಲ್ಲ, ತಾನು ಮರೆಯುತ್ತದೆ. ಹಾಗಾಗಿ ಕರಡಿನಲ್ಲಿ ಈಗ ‘ಮರೆವಿನ ಕಿಟಕಿ’ ಅಂತ ಬರೆದಿದ್ದೇನೆ. ಅಕ್ಕನಿಗೆ ಮತ್ತೆ ತೋರಿಸಿದಾಗ, “ಓಹೋ, ಇದಕ್ಕೆ ನೆನಪಿರಲ್ಲ, ಬೇರೆಯವ್ರಿಗೆ ಇರುತ್ತೆ” ಅಂದಳು. ಒಂದು ಪುಟ ವಿವರಣೆ ಉಳಿಯಿತು!

ತೊಡಕುಗಳೂ ಇವೆ. ‘ಮರೆಯ ಹಕ್ಕು’ ಅಂದರೆ ಯಾವ ಹಕ್ಕು? ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರಲ್ಲಿ ಗೂಗಲ್ ಪ್ರಕರಣದಲ್ಲಿ ಒಪ್ಪಿದ್ದು, ಆಮೇಲೆ 2018ರಲ್ಲಿ ಜಾರಿಗೆ ಬಂದ, ಜನರ ಮಾಹಿತಿ ಕಾಪಾಡುವ ಅಲ್ಲಿನ ಜಿಡಿಪಿಆರ್ ಕಾನೂನಿನ 17ನೇ ವಿಧಿಯಲ್ಲಿ ಸೇರಿದ್ದು, ತನ್ನ ಬಗೆಗಿನ ಹಳೆಯ ಮಾಹಿತಿ ತೆಗೆಸುವ ಹಕ್ಕು. ಅದನ್ನು ‘ಮರೆಯುವ ಹಕ್ಕು’ ಅಂತ ಬರೆಯುವುದನ್ನು ನೋಡಿದ್ದೇನೆ. ಮರೆಯುವವರು ನಾವಲ್ಲವಲ್ಲ! ‘ಮರೆಸುವ ಹಕ್ಕು’ ಅನ್ನಬೇಕು. ಅಲ್ಲಿಗೆ ಬಂದರೆ ‘ತಲೆಮರೆಸಿಕೊಂಡ ಆರೋಪಿ’ ಎದುರಾಗುತ್ತಾನೆ. ಮರೆ ಒಳ್ಳೆಯದು, ಮರೆಸಿಕೊಳ್ಳುವುದು ಕಳ್ಳತನ ಅನ್ನುವ ಧ್ವನಿ ಬಂದುಬಿಟ್ಟಿದೆ. ಇದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ.

ಮುಂದಿನ ಗಂಟು, ಗುರುತು ಕೊಡದೆ ಇರುವುದು. ಅನಾಮಧೇಯ, ಅನಾಮಿಕ, ಅಜ್ಞಾತ, ಬೇನಾಮಿ ಎಲ್ಲವನ್ನೂ ಒಂದೇ ಎಂಬಂತೆ ಬಳಸುತ್ತಾರೆ. ಒಂದೇ ಅಲ್ಲ. ಬೇನಾಮಿಗೆ ಪದಶಃ ಹೆಸರಿಲ್ಲದ್ದು ಅಂತ ಅರ್ಥವಾದರೂ ಬಳಕೆಯಲ್ಲಿ ಬೇರೆಯವರ ಹೆಸರಿನಲ್ಲಿರುವುದು ಅಂತ. ಅಜ್ಞಾತವಾಸದಲ್ಲಿ ಪಾಂಡವರಿಗೆ ಹೆಸರಿಲ್ಲದೆ ಇರಲಿಲ್ಲ. ಕಂಕ, ವಲಲ, ಬೃಹನ್ನಳೆ ಅಂತ ಚೆನ್ನಾದ ಹೆಸರುಗಳೇ ಇದ್ದವು. ಅಂದರೆ ಅದು ಸುಳ್ಳು ಹೆಸರಿನ ಖಾತೆ. ಅದರ ಅಪಾಯವೂ ಕಥೆಯಲ್ಲೇ ಇದೆ. ಹೆಸರು ಬದಲಾದರೂ ಕೀಚಕ ಸತ್ತ ರೀತಿ ಕೇಳಿಯೇ ಇದು ಭೀಮನ ಕೆಲಸ ಅಂತ ದುರ್ಯೋಧನ ಊಹಿಸಿದ. ಬ್ರೌಸರಿನ ‘ಬೆರಳಚ್ಚು’ ಅನ್ನುವುದೂ ಇದೇ. ಹೆಸರು ಕೇಳದೆ, ಪರದೆಯ ಅಳತೆ, ಫಾಂಟುಗಳು, ಭಾಷೆ, ಸಮಯವಲಯ ಎಲ್ಲ ಸೇರಿಸಿ ಇದು ಅದೇ ಯಂತ್ರ ಅಂತ ಗುರುತು ಹಿಡಿಯುವುದು. ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸಂಸ್ಥೆ 2010ರಲ್ಲಿ ಇದನ್ನು ಪರೀಕ್ಷಿಸಿ ತೋರಿಸುವ ಪುಟವನ್ನೇ ತೆರೆದಿತ್ತು. ಹೊಸ ಹೆಸರು ಇಟ್ಟುಕೊಂಡದ್ದಕ್ಕೆ ‘ಅಜ್ಞಾತ’, ಹೆಸರೇ ಇಲ್ಲದ್ದಕ್ಕೆ ‘ಅನಾಮಿಕ’ ಅಂತ ನಾನು ಬೇರೆ ಮಾಡಿದ್ದೇನೆ. ಸರಿಯೇ? ‘ಅನಾಮಿಕಾ’ ಅಂದರೆ ಉಂಗುರದ ಬೆರಳು ಅಂತ ಯಾರಾದರೂ ನೆನಪಿಸುತ್ತೀರಿ, ಗೊತ್ತು.

ಟಾರ್‌ಗೆ ಪದ ಸುಲಭ. ಅದರ ಹೆಸರಿನಲ್ಲೇ (ದಿ ಆನಿಯನ್ ರೂಟರ್) ಈರುಳ್ಳಿ ಇದೆ. ಸಂದೇಶಕ್ಕೆ ಪದರದ ಮೇಲೆ ಪದರ ಹೊದಿಸಿ ಮೂರು ಕಂಪ್ಯೂಟರುಗಳ ಮೂಲಕ ಕಳಿಸುತ್ತಾರೆ, ಒಂದೊಂದು ಕಡೆ ಒಂದೊಂದು ಪದರ ಬಿಚ್ಚಿಕೊಳ್ಳುತ್ತದೆ. ಮೊದಲನೆಯದಕ್ಕೆ ನೀವು ಗೊತ್ತು, ಎಲ್ಲಿಗೆ ಹೊರಟಿರಿ ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ‘ಈರುಳ್ಳಿ ದಾರಿ’ ಅಂದರೆ ಯಾರೂ ನಗುವುದಿಲ್ಲ ಅಂದುಕೊಂಡಿದ್ದೇನೆ.

ಎನ್‌ಕ್ರಿಪ್ಶನ್ನಿಗೆ, ಅಂದರೆ ಕೀಲಿ ಇದ್ದವರು ಮಾತ್ರ ಓದುವ ಹಾಗೆ ಬರಹವನ್ನು ಬದಲಿಸುವುದಕ್ಕೆ, ಕೆಲವರು ‘ಸಂಕೇತೀಕರಣ’ ಅಂತ ಬರೆಯುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಸಂಕೇತ ಅಂದರೆ ಕೋಡು. ಕಂಪ್ಯೂಟರಿಗಾಗಿ ಅಕ್ಷರಗಳಿಗೆ ಸಂಖ್ಯೆ ಕೊಟ್ಟ ಪಟ್ಟಿಯಾದ ಯುನಿಕೋಡಿನಲ್ಲಿ ‘ಕ’ ಅಕ್ಷರಕ್ಕೂ ಒಂದು ಸಂಕೇತ ಇದೆ, ಪಟ್ಟಿ ನೋಡಿ ಯಾರು ಬೇಕಾದರೂ ಬಿಡಿಸಬಹುದು. ಎನ್‌ಕ್ರಿಪ್ಶನ್ನಿಗೆ ಕೀಲಿ ಬೇಕೇ ಬೇಕು, ವಿಧಾನ ಊರಿಗೆಲ್ಲ ಗೊತ್ತಿದ್ದರೂ ಕೀಲಿ ಇಲ್ಲದೆ ತೆರೆಯಲಾಗದು. ‘ಗೂಢಲಿಪೀಕರಣ’ ಸರಿ ಇದೆ, ಆದರೆ ನಾಲಿಗೆ ಹೊರಳುವುದಿಲ್ಲ. ‘ಬೀಗ ಹಾಕಿದ ಸಂದೇಶ’ ಅಂತ ಬರೆದರೆ ತೀರಾ ಎಳಸಾಯಿತೇ?

ಕೀಲಿ ಅಂದೆನಲ್ಲ, ಅಲ್ಲಿ ಒಂದು ಮೋಜು ನಡೆಯಿತು. ನನ್ನ ಮಾತಿನಲ್ಲಿ ಕೀಲಿ ಅಂದರೆ ಬೀಗ ತೆರೆಯುವ ವಸ್ತು. ಉತ್ತರ ಕರ್ನಾಟಕದ ಮಾತಿನಲ್ಲಿ ಕೀಲಿ ಅಂದರೆ ಬೀಗವೇ, ತೆರೆಯುವುದಕ್ಕೆ ಕೀಲಿಕೈ. ಎನ್‌ಕ್ರಿಪ್ಶನ್ನಿನ ‘ಪಬ್ಲಿಕ್ ಕೀ’ಗೆ ‘ಸಾರ್ವಜನಿಕ ಕೀಲಿ’ ಅಂತ ನಾನು ಬರೆದದ್ದನ್ನು ಆ ಕಡೆಯ ಗೆಳೆಯರೊಬ್ಬರು ಓದಿ, “ಎಲ್ಲಾರ ಕೈಯಾಗ ಬೀಗ ಕೊಡೋದು, ಕೀಲಿಕೈ ತಾನ ಇಟ್ಕೊಳ್ಳೋದು, ಚಲೋ ಐತಿ” ಅಂದರು. ಒಂದು ಕ್ಷಣ ತಿದ್ದಲು ಹೊರಟವನು ಅಲ್ಲೇ ನಿಂತೆ. ಅವರು ಹೇಳಿದ್ದೇ ಸರಿ! ಡಿಫಿ ಮತ್ತು ಹೆಲ್ಮನ್ ಅನ್ನುವ ಇಬ್ಬರು ಸಂಶೋಧಕರು 1976ರಲ್ಲಿ ಲೋಕದ ಮುಂದಿಟ್ಟ ಯೋಚನೆ ಹೆಚ್ಚುಕಡಿಮೆ ಅದೇ. ಸಾರ್ವಜನಿಕವಾದದ್ದು ಮುಚ್ಚುವುದಕ್ಕೆ, ಅದರಿಂದ ತೆರೆಯಲಾಗದು. ತೆರೆಯುವುದು ಒಬ್ಬರ ಹತ್ತಿರ ಮಾತ್ರ. ಇಂಗ್ಲಿಷಿನವರು ಎರಡನ್ನೂ ‘ಕೀ’ ಅಂದು ಎಷ್ಟು ಜನರ ತಲೆ ಕೆಡಿಸಿದ್ದಾರೋ. ‘ಹಂಚುವ ಬೀಗ, ಇಟ್ಟುಕೊಳ್ಳುವ ಕೀಲಿಕೈ’ ಅಂತ ಬರೆಯಲೇ ಅಂತ ಯೋಚಿಸುತ್ತಿದ್ದೇನೆ. ಡಿಜಿಟಲ್ ಸಹಿ ಮಾಡುವಾಗ ಇದೇ ಉಪಮೆ ತಿರುಗುಮುರುಗಾಗುತ್ತದೆ, ಅದು ಗೊತ್ತಿದೆ. ಸಹಿಯ ಅಧ್ಯಾಯದಲ್ಲಿ ಮುದ್ರೆ ಅನ್ನುತ್ತೇನೆ.

ಬೀಗದ ಬಗ್ಗೆ ಇನ್ನೊಂದು. ಬ್ರೌಸರಿನಲ್ಲಿ ತಾಣದ ವಿಳಾಸ ಕಾಣುವ ಪಟ್ಟಿಯಲ್ಲಿ ಇರುತ್ತಿದ್ದ ಬೀಗದ ಚಿತ್ರವನ್ನು ಕ್ರೋಮ್ 2023ರಲ್ಲಿ ತೆಗೆಯಿತು. ಬೀಗ ಕಂಡರೆ ತಾಣವೇ ನಂಬಿಕಸ್ಥ ಅಂತ ಜನ ಓದುತ್ತಿದ್ದರು. ದಾರಿಗೆ ಬೀಗ ಇದೆ ಅಂದರೆ ದಾರಿಯ ಕೊನೆಯಲ್ಲಿ ಇರುವವರು ಒಳ್ಳೆಯವರು ಅಂತಲ್ಲ. ಇದಕ್ಕೇ ನಾನು ‘ಭದ್ರ’ ಮತ್ತು ‘ಸುರಕ್ಷಿತ’ ಬೇರೆ ಇಡುತ್ತಿದ್ದೇನೆ. ಬಾಗಿಲು ಭದ್ರ ಇರಬಹುದು, ಮನೆ ಸುರಕ್ಷಿತ ಆಗಬೇಕಿಲ್ಲ.

ಪಾಸ್‌ವರ್ಡ್ ಹಾಗೇ ಇರಲಿ. ‘ಗುಪ್ತಪದ’ ಕೇಳಲು ಚೆನ್ನ, ಆದರೆ ಒಂದು ಪದ ಸಾಕು ಅನ್ನಿಸುತ್ತದೆ, ಸಾಲದು. 1995ರ ಡೈಸ್‌ವೇರ್ ವಿಧಾನದಲ್ಲಿ ದಾಳವನ್ನು ಐದು ಸಲ ಉರುಳಿಸಿ 7776 ಪದಗಳ ಪಟ್ಟಿಯಿಂದ ಒಂದು ಪದ ಆರಿಸುತ್ತಾರೆ. ಹೀಗೆ ಆರು ಪದ. ಅದನ್ನು ‘ಗುಪ್ತವಾಕ್ಯ’ ಅಂದರೆ ಓದುಗರು ಯಾವುದೋ ಹಾಡಿನ ಸಾಲು ಹಾಕುತ್ತಾರೆ, ಅದು ಊಹೆಗೆ ಸಿಗುತ್ತದೆ. ಅಲ್ಲಿ ವಾಕ್ಯ ಇರಲೇಬಾರದು, ಒಂದಕ್ಕೊಂದು ಸಂಬಂಧ ಇಲ್ಲದ ಪದಗಳನ್ನು ಸುಮ್ನೆ ಪೋಣಿಸಿರಬೇಕು. ‘ಪದಸರ’ ಅಂತ ಇಟ್ಟಿದ್ದೇನೆ. ಕನ್ನಡ ಲಿಪಿಯಲ್ಲೇ ಹಾಕಬಹುದೇ ಅಂತ ಕೇಳುವವರಿಗೆ: ಎಚ್ಚರ. ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಟೈಪಿಸಬಹುದು, ಎತ್ವ ಮತ್ತು ಊತ್ವ ಸೇರಿಸಿಯೂ ಟೈಪಿಸಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ತಾಣ ಅದನ್ನು ಸರಿಪಡಿಸಿಕೊಳ್ಳದಿದ್ದರೆ ಕೀಬೋರ್ಡ್ ಬದಲಾದ ದಿನ ನೀವು ಹೊರಗೆ.

ಕಳಿಸಿದವರು, ಪಡೆದವರು ಬಿಟ್ಟು ನಡುವೆ ಯಾರೂ ಓದಲಾಗದ ‘ಎಂಡ್ ಟು ಎಂಡ್’ ಎನ್‌ಕ್ರಿಪ್ಶನ್ನಿಗೆ ‘ಕೊನೆಯಿಂದ ಕೊನೆಗೆ’ ಬೇಡ, ‘ಈ ತುದಿಯಿಂದ ಆ ತುದಿಗೆ’ ಸಾಕು.

ಸಿಗದೇ ಇರುವುದು ಒಂದೇ ಪದ, ಮೆಟಾಡೇಟಾ. ಪತ್ರದ ಒಳಗೆ ಏನಿದೆ ಅಂತ ಗೊತ್ತಿಲ್ಲದಿದ್ದರೂ ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸಲ ಬರೆದರು ಅನ್ನುವ ವಿವರ. ‘ಅಧಿದತ್ತಾಂಶ’ ನನ್ನಿಂದಾಗದು. ‘ಮೇಲ್ಬರಹ’ ಅಂದರೆ ತಲೆಬರಹ ಅಂತ ಓದುತ್ತಾರೆ. ‘ಲಕೋಟೆ ವಿವರ’, ‘ಹೊರವಿವರ’ ಎರಡರಲ್ಲಿ ಮನಸ್ಸು ಓಲಾಡುತ್ತಿದೆ, ಲಕೋಟೆಯನ್ನೇ ನೋಡದ ಹುಡುಗರಿಗೆ ಮೊದಲನೆಯದು ಹೊಳೆಯುತ್ತದೋ ಇಲ್ಲವೋ. ಇದಕ್ಕಿಂತ ಒಳ್ಳೆಯ ಪದ ನಿಮ್ಮ ಬಾಯಲ್ಲಿ ಇದ್ದರೆ ಕೊಡಿ, ಹಾಗೆಯೇ ನಿಮ್ಮ ಕಡೆ ಕೀಲಿ ಅಂದರೆ ಬೀಗವೋ ಕೀಲಿಕೈಯೋ ಅನ್ನುವುದನ್ನೂ ಒಂದು ಸಾಲು ಬರೆಯಿರಿ.