ಸಹಾಯ ಬೇಕು: ಮಾನಿಟರ್ ಪೋರ್ಟ್‌ನಲ್ಲಿ ಚಿತ್ರ ಸರಿ, ಔಟ್‌ಪುಟ್‌ನಲ್ಲಿ ಇಲ್ಲ
ನಮಸ್ಕಾರ. ರಾಯಚೂರಿನ ಒಂದು ಕೇಬಲ್ ಚಾನೆಲ್‌ನ ಕಂಟ್ರೋಲ್ ರೂಮಲ್ಲಿ ಕೆಲಸ ನನ್ನದು. ಇಲ್ಲಿ ಹಳೇ ಮಾಡ್ಯುಲರ್ ಎಸ್‌ಡಿಐ ರೂಟರ್ (ಡಿಜಿಟಲ್ ವಿಡಿಯೋ ಸಿಗ್ನಲನ್ನು ಬೇಕಾದ ಔಟ್‌ಪುಟ್‌ಗೆ ಕಳಿಸುವ, ಬಿಡಿ ಕಾರ್ಡ್‌ಗಳಿರುವ ಯಂತ್ರ) ಇದೆ. ಮೂರು ದಿನದಿಂದ 7ನೇ ಔಟ್‌ಪುಟ್‌ಗೆ ಎಚ್‌ಡಿ, ಅಂದರೆ 1.485 ಜಿಬಿಪಿಎಸ್ ಕೊಟ್ಟರೆ ಚಿತ್ರದ ತುಂಬ ಬಿಳಿ ಚುಕ್ಕೆ ಮಿಣಮಿಣ ಅನ್ನುತ್ತವೆ, ಆಮೇಲೆ ಪೂರ್ತಿ ಕಪ್ಪು. 270 ಎಂಬಿಪಿಎಸ್‌ನ ಎಸ್‌ಡಿ ಆರಾಮಾಗಿ ಹೋಗುತ್ತದೆ. ವಿಚಿತ್ರ ಅಂದ್ರೆ, ರೂಟರ್‌ನ ಮಾನಿಟರ್ ಪೋರ್ಟ್‌ನಲ್ಲಿ (ಔಟ್‌ಪುಟ್‌ಗಳನ್ನು ಪರೀಕ್ಷಿಸಿ ನೋಡಲು ಇರುವ ಪೋರ್ಟ್) ಅದೇ 7ನ್ನು ಎಚ್‌ಡಿಯಲ್ಲಿ ನೋಡಿದರೆ ಕನ್ನಡಿ ಹಾಗೆ ಸ್ವಚ್ಛ!

75 ಓಮ್ ಕೇಬಲ್ ಬದಲಿಸಿದೆ, ಅದರ ತುದಿಯ ಬಿಎನ್‌ಸಿ ಕನೆಕ್ಟರ್ ಹೊಸದಾಗಿ ಕ್ರಿಂಪ್ ಮಾಡಿದೆ. ಎರಡು ಮೀಟರ್ ಕೇಬಲ್‌ನಲ್ಲೂ ಅದೇ ಕಥೆ. ರೂಟರ್‌ನ ಔಟ್‌ಪುಟ್ ಕಾರ್ಡ್ ಅದಲುಬದಲು ಮಾಡಲು ಚಾನೆಲ್ ನಿಲ್ಲಿಸಬೇಕು, ಸಾಹೇಬರು ಒಪ್ಪುತ್ತಿಲ್ಲ.

ಮಾನಿಟರ್ ಪೋರ್ಟ್ ಸಿಗ್ನಲ್ ತೆಗೆದುಕೊಳ್ಳುವುದು ಔಟ್‌ಪುಟ್ ಕಾರ್ಡಿನ ರೀಕ್ಲಾಕರ್ (ಸಿಗ್ನಲ್‌ನ ಟೈಮಿಂಗ್ ಸರಿಪಡಿಸುವ ಭಾಗ), ಡ್ರೈವರ್‌ಗಿಂತ (ಸಿಗ್ನಲನ್ನು ಕೇಬಲ್‌ಗೆ ಕಳಿಸುವ ಭಾಗ) ಮೊದಲಾ, ಆಮೇಲಾ? ಮೊದಲೇ ಆದರೆ ಕಾರ್ಡೇ ಕೆಟ್ಟಿದೆ ಅಂತ ಅಲ್ವಾ? ಚಾನೆಲ್ ನಿಲ್ಲಿಸದೆ ಇದನ್ನು ಖಚಿತ ಮಾಡಿಕೊಳ್ಳುವುದು ಹೇಗೆ?